ಉಪ್ಪು ನೋಡುವ ಮೂಗು

ಆಸ್ಪತ್ರೆಯಿಂದ ಕಳಿಸುವಾಗ ಕೈಗೊಂದು ಕಾಗದ ಕೊಟ್ಟರು. ನಾನು ಗುಣವಾಗಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಅವತ್ತಿನಿಂದ ಇವತ್ತಿನವರೆಗೆ ಜನ ನಂಬುತ್ತಿರುವುದು ಆ ಕಾಗದವನ್ನು, ನನ್ನನ್ನಲ್ಲ.

ನಾನು ತುಮಕೂರಿನ ಬಿರಿಯಾನಿ ಅಡುಗೆಯವನು. ಹೋಟೆಲಿನವನಲ್ಲ. ಮದುವೆ, ಬೀಗರ ಊಟ, ರಂಜಾನಿನ ಇಫ್ತಾರ್, ಯಾರು ಎಲ್ಲಿಗೆ ಕರೆದರೂ ದೇಗು ಹೇರಿಕೊಂಡು ಹೋಗುವವನು. ದೇಗು ಎಂದರೆ ಒಬ್ಬ ಮನುಷ್ಯ ಒಳಗೆ ಕೂರಬಹುದಾದಷ್ಟು ದೊಡ್ಡ ತಾಮ್ರದ ಪಾತ್ರೆ. ಅಪ್ಪನದೂ ಇದೇ ಕೆಲಸ. ಬಡಿಸುವ ಮೊದಲು ಅಡುಗೆಯವನು ಅಡುಗೆಯನ್ನು ನಾಲಿಗೆಗೆ ಮುಟ್ಟಿಸಬಾರದು ಎಂಬುದು ಅವರ ಕಟ್ಟುನಿಟ್ಟು. ಉಪ್ಪು, ಖಾರ, ಅಕ್ಕಿಯ ಹದ, ತಳ ಹಿಡಿಯುತ್ತಿದೆಯೋ ಇಲ್ಲವೋ, ಎಲ್ಲವನ್ನೂ ಮುಚ್ಚಳ ಒಂದಿಷ್ಟು ಎತ್ತಿ ಹಬೆಯಲ್ಲೇ ತಿಳಿಯಬೇಕು. ಉಪ್ಪಿಗೆ ವಾಸನೆ ಎಲ್ಲಿದೆ ಎಂದು ಓದಿದವರು ವಾದಕ್ಕೆ ಬರುತ್ತಾರೆ. ಬರಲಿ. ಉಪ್ಪು ಸಾಲದ ಮಾಂಸದ ಹಬೆಯೇ ಬೇರೆ, ಉಪ್ಪು ಹಿಡಿದ ಮಾಂಸದ ಹಬೆಯೇ ಬೇರೆ. ಮೂವತ್ತು ವರ್ಷ ನಾನು ಒಮ್ಮೆಯೂ ತಪ್ಪಿರಲಿಲ್ಲ.

ಕೊರೋನಾದ ಎರಡನೇ ಅಲೆಯಲ್ಲಿ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದೆ. ಅದರಲ್ಲಿ ಹನ್ನೊಂದು ದಿನ ಮುಖಕ್ಕೆ ಆಕ್ಸಿಜನ್ ಮಾಸ್ಕು. ಪಕ್ಕದ ಹಾಸಿಗೆಯವರು ಎರಡು ಸಲ ಬದಲಾದರು, ಇಬ್ಬರೂ ಮನೆಗೆ ಹೋಗಲಿಲ್ಲ. ನಾನು ಹೋದೆ. ಅದಕ್ಕೆ ದೇವರಿಗೆ ದಿನವೂ ಶುಕ್ರಿಯಾ ಹೇಳುತ್ತೇನೆ. ಆದರೆ ಬದುಕಿ ಬಂದವನು ಮತ್ತೆ ಯಾವುದಕ್ಕೂ ಗೊಣಗಬಾರದು ಎಂದು ತೀರ್ಮಾನ ಮಾಡಿದವರು ಯಾರು ಎಂದು ನನಗೆ ಇನ್ನೂ ತಿಳಿದಿಲ್ಲ.

ಮೊದಲು ಯಾವ ವಾಸನೆಯೂ ಇರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಬಂತು, ಬಂದದ್ದು ಸೊಟ್ಟಗೆ ಬಂತು. ಈರುಳ್ಳಿ ಹುರಿದರೆ ಟೈರು ಸುಟ್ಟ ವಾಸನೆ. ಕಾಫಿಗೆ ಚರಂಡಿಯ ವಾಸನೆ. ಹೆಂಡತಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು. ಅವಳು ಎಣ್ಣೆ ಹಚ್ಚುವುದನ್ನೇ ಬಿಟ್ಟಳು. ನಾನು ಹಾಗೆ ಮಾಡಬೇಡ ಎನ್ನಲಿಲ್ಲ, ಅದೊಂದು ನಾಚಿಕೆ ನನಗಿದೆ. ಇದರ ಜೊತೆಗೆ ಉಸಿರು. ಮಹಡಿ ಹತ್ತಿದರೆ ಮೆಟ್ಟಿಲ ಮೇಲೆಯೇ ಕೂರಬೇಕು. ಇನ್ನು ಮರೆವು. ಮಾತಿನ ನಡುವೆ ಮಾತೇ ಕೈಬಿಟ್ಟು ಹೋಗುತ್ತಿತ್ತು. ಅಂಗಡಿಗೆ ಹೋಗಿ ಏನು ತರಲು ಬಂದೆ ಎಂದು ಅಂಗಡಿಯವನ ಮುಖ ನೋಡುತ್ತಾ ನಿಲ್ಲುತ್ತಿದ್ದೆ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎಲ್ಲ ನಾರ್ಮಲ್ ಇದೆ, ಟೆನ್ಷನ್ ಮಾಡಿಕೊಳ್ಳಬೇಡಿ ಎಂದರು. ಬೆಳಿಗ್ಗೆ ಸಂಜೆ ಲವಂಗ, ನಿಂಬೆಹಣ್ಣು ಮೂಸಿ ಅಭ್ಯಾಸ ಮಾಡಿ ಎಂದೂ ಹೇಳಿದರು. ಲವಂಗದ ಚೀಲ ತೆರೆಯುವ ಮೊದಲೇ ಅದು ಹಳೆಯದೋ ಹೊಸದೋ ಎಂದು ಹೇಳುತ್ತಿದ್ದವನು ನಾನು. ಈಗ ತಟ್ಟೆಯಲ್ಲಿ ನಾಲ್ಕು ಲವಂಗ ಇಟ್ಟುಕೊಂಡು ಅಕ್ಷರ ಕಲಿಯುವ ಮಗುವಿನ ಹಾಗೆ ಕೂತಿರುತ್ತಿದ್ದೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎದುರಾದವರೆಲ್ಲ, ನೋಡೋಕೆ ಚೆನ್ನಾಗಿಯೇ ಇದ್ದೀರಲ್ಲ ಎನ್ನುತ್ತಿದ್ದರು. ಗುಬ್ಬಿಯಲ್ಲಿರುವ ನನ್ನ ತಮ್ಮನಿಗೂ ಹೇಳಿ ನೋಡಿದೆ. ಅವನು ಇಪ್ಪತ್ತು ವರ್ಷದಿಂದ ನನ್ನ ಜೊತೆ ಮಾಂಸ, ಬೆಂಕಿ ನೋಡಿಕೊಂಡವನು. ಬರುತ್ತೆ ಬಿಡು ಎಂದು ಸೌದೆಯ ಲೆಕ್ಕಕ್ಕೆ ಹೊರಳಿದ. ಆಮೇಲೆ ನಾನು ಹೇಳುವುದನ್ನು ಬಿಟ್ಟು ಮುಚ್ಚಿಡಲು ಶುರು ಮಾಡಿದೆ. ದೇಗಿನ ಮೇಲೆ ಬಾಗುತ್ತಿದ್ದೆ, ಕಣ್ಣು ಮುಚ್ಚುತ್ತಿದ್ದೆ, ತಲೆಯಾಡಿಸುತ್ತಿದ್ದೆ. ಉಪ್ಪನ್ನು ಮಾತ್ರ ಮನೆಯಲ್ಲೇ ಹೆಂಡತಿಯ ಕೈಯಲ್ಲಿ ತೂಗಿಸಿ ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಕೆಲವು ತಿಂಗಳು ಅದೇ ನಡೆಯಿತು.

ಆಮೇಲೆ ರಂಜಾನ್ ಬಂತು. ಗುಬ್ಬಿಯ ಒಂದು ಸಣ್ಣ ಮಸೀದಿಗೆ ತಿಂಗಳಿಡೀ ಗಂಜಿ ಮಾಡುವುದು ಅಪ್ಪನ ಕಾಲದಿಂದ ನಮ್ಮದೇ ಕೆಲಸ. ಅಕ್ಕಿ, ಹೆಸರುಬೇಳೆ, ಕೈಮಾ ಹಾಕಿ ಮಧ್ಯಾಹ್ನದಿಂದ ಕುದಿಸಿದರೆ ಸಂಜೆ ರೋಜಾದ ಉಪವಾಸ ಬಿಡುವ ಹೊತ್ತಿಗೆ ಮುನ್ನೂರು ಜನಕ್ಕೆ ಆಗುತ್ತದೆ. ಅಡುಗೆಯವನೂ ರೋಜಾ, ಸುತ್ತ ನಿಂತವರೂ ರೋಜಾ. ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿದರೆ ತಪ್ಪಿಲ್ಲ ಎಂದು ಮೌಲವಿಗಳು ಹೇಳುತ್ತಾರೆ. ಆದರೂ ಹೆಚ್ಚಿನ ಅಡುಗೆಯವರಿಗೆ ಮನಸ್ಸು ಒಪ್ಪುವುದಿಲ್ಲ. ಅವರು ಉಪ್ಪು ನೋಡಲು ಬೀದಿಯ ಹಿಂದೂಗಳಲ್ಲಿ ಯಾರನ್ನಾದರೂ ಕರೆಯುತ್ತಾರೆ. ಅವರು ಒಂದು ಚಮಚ ಕುಡಿದು, ಸರಿ ಐತೆ ಎನ್ನುತ್ತಾರೆ. ಗುಬ್ಬಿಯಲ್ಲಿ ಇದು ವಾಡಿಕೆ, ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ನಾವು ಮಾತ್ರ ಯಾರನ್ನೂ ಕರೆದವರಲ್ಲ. ಹಾಗೆ ಕರೆಯುವವರನ್ನು ಕಂಡು ನಾನು ಮೂಗು ಮುರಿಯುತ್ತಿದ್ದೆ.

ಒಂಬತ್ತನೆಯದೋ ಹತ್ತನೆಯದೋ ರೋಜಾ. ತಮ್ಮ ಅವತ್ತು ಬೇರೆ ಕೆಲಸಕ್ಕೆ ಹೋಗಿದ್ದ. ಬಿಸಿಲು ಜೋರಿತ್ತು. ಉಪ್ಪಿನ ಪೊಟ್ಟಣ ಬಿಚ್ಚಿ ಸುರಿದೆ. ಉಸಿರು ಕಟ್ಟಿದಂತಾಗಿ ಗೋಡೆಯ ನೆರಳಿಗೆ ಹೋಗಿ ಕೂತೆ. ಎದ್ದು ಬಂದಾಗ ತಲೆ ಖಾಲಿ. ಉಪ್ಪು ಹಾಕಿದೆನೋ ಇಲ್ಲವೋ? ಪೊಟ್ಟಣದ ಕಾಗದ ಹುಡುಕಿದೆ, ಬಹುಶಃ ಒಲೆಗೆ ಎಸೆದಿದ್ದೆ. ದೇಗಿನ ಮೇಲೆ ಬಾಗಿದೆ. ಸುಟ್ಟ ಟೈರು ಬಿಟ್ಟರೆ ಇನ್ನೇನೂ ಇಲ್ಲ. ಅದೇ ಹೊತ್ತಿಗೆ ಎದುರಿನ ಇಸ್ತ್ರಿ ಅಂಗಡಿಯವರು ತಾವಾಗಿಯೇ ಬಂದು ನಿಂತರು. ಬೇರೆ ಅಡುಗೆಯವರಿಗೆಲ್ಲ ಉಪ್ಪು ನೋಡಿ ಕೊಡುತ್ತಿದ್ದವರು ಅವರೇ.

"ನೋಡ್ಲಾ ಸಾಬ್ರೆ, ಉಪ್ಪು? ಸುಸ್ತಾದಂಗೆ ಕಾಣ್ತೀರಿ."

"ನಮ್ಗೆ ಅದೆಲ್ಲ ಬೇಡ ಸ್ವಾಮಿ," ಎಂದೆ.

ಅವರು ಹೋದರು. ನಾನು ಮಸೀದಿಯ ಡಬ್ಬಿಯಿಂದ ಮತ್ತೆ ಅಷ್ಟೇ ಉಪ್ಪು ತೆಗೆದು ಹಾಕಿದೆ.

ಸಂಜೆ ಎಲ್ಲರೂ ಖರ್ಜೂರ ತಿಂದು, ನೀರು ಕುಡಿದು, ಬಟ್ಟಲು ಎತ್ತಿದರು. ಮೊದಲ ಸಾಲಿನಲ್ಲಿದ್ದ ಮುದುಕರೊಬ್ಬರು ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟು, ಲೋಟದ ನೀರನ್ನು ಅದಕ್ಕೆ ಸುರಿದುಕೊಂಡರು. ಪಕ್ಕದವರೂ ಸುರಿದುಕೊಂಡರು. ಆಮೇಲೆ ಸಾಲಿಗೆ ಸಾಲೇ. ಹಗಲಿಡೀ ನೀರು ಕುಡಿಯದ ಜನ, ಕುಡಿಯುವ ನೀರನ್ನು ನನ್ನ ಗಂಜಿಗೆ ಸುರಿದು ನುಂಗಿದರು. ಒಬ್ಬರೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ ನಾನು ಬಾಯಿ ಬಿಡುತ್ತಿದ್ದೆ, ಹೀಗಾಗಿದೆ ನನಗೆ, ಕ್ಷಮಿಸಿ ಎನ್ನುತ್ತಿದ್ದೆ. ಅವರ ಮರ್ಯಾದೆ ನನಗೆ ಆ ಅವಕಾಶವನ್ನೂ ಕೊಡಲಿಲ್ಲ.

ಮರುದಿನ ಮಧ್ಯಾಹ್ನ ಬಸ್ಸಿಳಿದು ಹೋದರೆ ಒಲೆ ಆಗಲೇ ಉರಿಯುತ್ತಿತ್ತು. ತಮ್ಮ ದೇಗಿನ ಮುಂದೆ ನಿಂತಿದ್ದ. ಮಸೀದಿ ಕಮಿಟಿಯವರು ರಾತ್ರಿಯೇ ಅವನಿಗೆ ಫೋನ್ ಮಾಡಿ, ಅಣ್ಣನಿಗೆ ಸ್ವಲ್ಪ ರೆಸ್ಟ್ ಕೊಡು ಎಂದಿದ್ದರಂತೆ. ನನ್ನ ನಂಬರೂ ಅವರ ಹತ್ತಿರ ಇತ್ತು. ತಮ್ಮ ಸೌಟು ಕೆಳಗಿಡದೆ, ಇಸ್ತ್ರಿ ಅಂಗಡಿಯವರನ್ನು ಕೂಗಿ ಕರೆದ. ನಾನು ಅದೇ ಬಸ್ಸಿಗೆ ವಾಪಸ್ ಬಂದೆ. ಆಮೇಲೆ ಬಂದ ಆರ್ಡರುಗಳೆಲ್ಲ ಅವನಿಗೇ ಹೋದವು.

ಹೋದ ವರ್ಷ ಅವನು ಮನೆಗೆ ಬಂದು, ಕುಣಿಗಲ್ಲಿನಲ್ಲಿ ಒಂದು ಬೀಗರ ಊಟ ಇದೆ, ನೀನೂ ಬರಬೇಕು ಎಂದ. ಆ ಮನೆಯ ಯಜಮಾನರ ಮದುವೆಗೂ ನಮ್ಮಪ್ಪನೇ ಬಿರಿಯಾನಿ ಮಾಡಿದ್ದರು. ನಿಮ್ಮಣ್ಣನವರು ಬಂದರೆ ಮಾತ್ರ ಅಡುಗೆ ನಿಮಗೆ ಎಂದು ಅವರು ಪಟ್ಟು ಹಿಡಿದಿದ್ದರಂತೆ. ನೀನು ಏನೂ ಮಾಡಬೇಡ, ಕುರ್ಚಿ ಹಾಕಿಕೊಂಡು ದೇಗಿನ ಪಕ್ಕ ಕೂತಿರು ಸಾಕು ಎಂದ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಹಾಗಿದ್ದೂ ಹೋದೆ. ದೇಗಿನ ಹತ್ತಿರ ಕೂರುವುದಾದರೂ ಸಿಕ್ಕೀತಲ್ಲ ಎಂಬ ಆಸೆ, ಮತ್ತೇನಿಲ್ಲ.

ಕಲ್ಯಾಣ ಮಂಟಪದ ಹಿಂದೆ ಶಾಮಿಯಾನದ ಕೆಳಗೆ ಒಲೆ ಹೂಡಿದ್ದರು. ತಮ್ಮ ಯಾರೂ ಇಲ್ಲದ ಸಮಯ ನೋಡಿ ಚಮಚದಲ್ಲಿ ರುಚಿ ನೋಡಿದ, ಚಿಟಿಕೆ ಉಪ್ಪು ಸೇರಿಸಿದ, ಮತ್ತೆ ನೋಡಿದ. ನಾನು ನೋಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಆಮೇಲೆ ಯಜಮಾನರು ನೆಂಟರ ಜೊತೆ ಬಂದು ನಿಂತಾಗ, ಮುಚ್ಚಳಕ್ಕೆ ಕೈಯಿಟ್ಟು ಎಲ್ಲರಿಗೂ ಕೇಳುವ ಹಾಗೆ, "ಅಣ್ಣ, ಒಂದ್ಸಲ ನೋಡ್ಬುಡಿ. ನೀವು ಸರಿ ಅಂದ್ರೆ ಇಳಿಸ್ತೀನಿ," ಎಂದ.

ಬಾಗಿದೆ. ಟೈರು, ಚರಂಡಿ, ಎಲ್ಲ ಒಟ್ಟಿಗೆ ಮುಖಕ್ಕೆ ಬಡಿಯಿತು. ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಅವತ್ತು ನನ್ನಿಂದ ಆಗಲಿಲ್ಲ.

"ನಂಗೇನೂ ಗೊತ್ತಾಗಲ್ಲ ಯಜಮಾನ್ರೆ. ಕಾಯಿಲೆ ಬಂದ್ಮೇಲೆ ನನ್ ಮೂಗು ಹೋಯ್ತು. ಇದ್ರಲ್ಲಿ ಉಪ್ಪು ಐತೋ ಇಲ್ವೋ ನಂಗ್ ತಿಳೀದು."

ಯಜಮಾನರು ನಕ್ಕು ನೆಂಟರ ಕಡೆ ತಿರುಗಿದರು. "ನೋಡ್ರಪ್ಪ, ದೊಡ್ಡ ಕೈಯೋರು ಮಾತಾಡೋದೇ ಹಿಂಗೆ. ಇವ್ರಪ್ಪನೂ ಒಂದ್ ದಿನಾನಾದ್ರೂ ಚೆನ್ನಾಗೈತೆ ಅಂತ ಬಾಯ್ಬುಟ್ಟು ಹೇಳ್ದೋರಲ್ಲ."

ತಮ್ಮ ತಲೆ ತಗ್ಗಿಸಿ ನಗುತ್ತಾ ದೇಗು ಇಳಿಸಿದ.

ಊಟವಾದ ಮೇಲೆ ಯಜಮಾನರು ನನಗೆ ಶಾಲು ಹೊದಿಸಿ, ಅಷ್ಟು ದೊಡ್ಡ ಕಾಯಿಲೆಗೂ ನಿಮ್ಮ ಕೈರುಚಿ ಮುಟ್ಟಲಾಗಲಿಲ್ಲ ಎಂದರು. ಈ ಅಡುಗೆಗೆ ನಾನು ಒಂದು ಹರಳು ಉಪ್ಪನ್ನೂ ಹಾಕಿಲ್ಲ ಎಂದೆ. ಅದಕ್ಕೂ ನಕ್ಕರು.