ಬೆಡ್‌ಶೀಟ್ ಮಡಿಸುವ ಪಟ್ಟು

ನಮ್ಮ ಬೀದಿಯ ಮೂಲೆಮನೆಯ ಸೊಸೆ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಗಿಡ್ಡ ಸ್ಟೂಲಿನ ಮೇಲೆ ಕೂತು, ಎದುರು ಕುರ್ಚಿಯಲ್ಲಿರುವವರ ಪಾದ ಅಳೆದು, ಡಬ್ಬಿಯ ಮೇಲೆ ಡಬ್ಬಿ ಬಿಚ್ಚಿ ತೋರಿಸಿ, ಕೊನೆಗೆ ‘ಆಮೇಲೆ ಬರ್ತೀವಿ’ ಅನ್ನಿಸಿಕೊಂಡು ಎಲ್ಲವನ್ನೂ ಮತ್ತೆ ತುಂಬಿಡುವ ಕೆಲಸ. ಆಳು ಕಡ್ಡಿಯಂತೆ ತೆಳ್ಳಗೆ. ಬಸ್ಸಿನಲ್ಲಿ ಯಾರಾದರೂ ಅವಳ ಕಾಲು ತುಳಿದರೆ ‘ಸಾರಿ’ ಹೇಳುತ್ತಿದ್ದವಳು ಅವಳೇ. ಇಂಥವಳು ಒಂದು ದಿನ ಸಭಾಂಗಣದ ತುಂಬ ಜನ ನೋಡುತ್ತಿರುವಾಗ, ತನ್ನ ಎರಡರಷ್ಟು ತೂಕದ ಗಂಡಸನ್ನು ಎತ್ತಿ ಒಗೆದುಬಿಟ್ಟಳು. ಒಗೆದಳು ಅನ್ನುವ ಮಾತಿಗೆ ಎರಡು ಅರ್ಥವಿದೆಯಲ್ಲ, ಇಲ್ಲಿ ಎರಡೂ ಸರಿಯೇ.

ಅವಳು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಮೂವರಿದ್ದರು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಊರಿನಲ್ಲಿ ಎಲ್ಲೆಲ್ಲಿ ಲಿಫ್ಟ್ ನಿಂತಿತೋ ಅಲ್ಲೆಲ್ಲ ಓಡಾಡಿ ಮನೆ ಸೇರುವ ಹೊತ್ತಿಗೆ ಅವನೇ ನಿಂತುಹೋಗಿರುತ್ತಿದ್ದ. ಅತ್ತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ನಿವೃತ್ತರಾದವರು. ಬಾಯಿ ತೆರೆಯುವುದು ಅಪರೂಪ, ತೆರೆದರೆ ಎದುರಿನವರು ಬಾಯಿ ಮುಚ್ಚಬೇಕಾಗುತ್ತಿತ್ತು. ಇನ್ನು ಮಾವ. ಅವರನ್ನು ಬೀದಿಯೆಲ್ಲ ಜೂಡೊ ಮೇಷ್ಟ್ರು ಅನ್ನುತ್ತಿತ್ತು. ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಜೀವಮಾನವಿಡೀ ಹುಡುಗರನ್ನು ಎತ್ತಿ ಕೆಡವಿ, ಬೀಳುವುದು ಹೇಗೆ, ಬೀಳಿಸುವುದು ಹೇಗೆ ಅಂತ ಕಲಿಸಿದವರು. ಎದುರಾಳಿಯ ಅಂಗಿ ಹಿಡಿದು ಎಳೆದು, ತಟ್ಟನೆ ಬಿಟ್ಟು, ಗಿರ್ರನೆ ತಿರುಗಿ ಸೊಂಟದ ಮೇಲಿಂದ ಉರುಳಿಸುವ ಒಂದು ಪಟ್ಟಿಗೆ ಆ ಕಾಲದಲ್ಲಿ ಅವರು ಹೆಸರುವಾಸಿ.

ಆಮೇಲೆ ಅವರದೇ ಸೊಂಟ ಕೈಕೊಟ್ಟಿತು. ಆಪರೇಷನ್ ಆಯಿತು. ಇನ್ನು ಕಲಿಸುವುದೂ ಇಲ್ಲ, ಕುಣಿಯುವುದೂ ಇಲ್ಲ ಅಂತ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಮಗನಿಗೆ ಅಷ್ಟೇ ಬೇಕಾಗಿತ್ತು. ಚಿಕ್ಕವನಿದ್ದಾಗ ಅಪ್ಪನ ಶೆಡ್ಡಿನಲ್ಲಿ ಹೆಗಲಿನ ಮೂಳೆ ಮುರಿದುಕೊಂಡಿದ್ದ ಅವನು, ಮನೆಯಲ್ಲಿ ಇನ್ನು ಜೂಡೊ ಅನ್ನುವ ಪದವನ್ನೇ ಎತ್ತಕೂಡದು ಅಂತ ಫರ್ಮಾನು ಹೊರಡಿಸಿದ. ಶೆಡ್ಡು ಹಳೆಯ ಶಿಷ್ಯನೊಬ್ಬನ ಕೈಗೆ ಹೋಯಿತು. ಮೇಷ್ಟ್ರ ದಪ್ಪ ಬಿಳಿ ಅಂಗಿಯನ್ನು ಅತ್ತೆ ಕತ್ತರಿಸಿ ನೆಲ ಒರೆಸುವ ಬಟ್ಟೆ ಮಾಡಿಕೊಂಡರು. ಒಳ್ಳೆ ಬಟ್ಟೆ, ನೀರು ಚೆನ್ನಾಗಿ ಹೀರುತ್ತದೆ ಅಂದರು. ಮೇಷ್ಟ್ರು ಅದಕ್ಕೂ ತಲೆಯಾಡಿಸಿದರು. ಆದರೆ ಕಲಿಸುವವರ ಕೈ ಸುಮ್ಮನಿರುತ್ತದೆಯೇ? ಬಾಗಿಲ ಪರದೆ ಕಂಡರೂ ಕಾಲರ್ ಹಿಡಿದಂತೆ ಹಿಡಿಯುತ್ತಿದ್ದರು.

ಸೊಸೆ ಬಂದ ಹೊಸದರಲ್ಲಿ ಒಂದು ಭಾನುವಾರ ತಾರಸಿಯ ಮೇಲೆ ಒಣಗಿದ ಬೆಡ್‌ಶೀಟ್ ತೆಗೆಯುತ್ತಿದ್ದಳು. ಮಾವ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದು, ತಾನೂ ಒಂದು ತುದಿ ಹಿಡಿಯುತ್ತೇನೆ ಅಂದರು. ಪಾಪ, ಎಷ್ಟು ಒಳ್ಳೆಯವರು ಅಂದುಕೊಂಡಳು. ಹಾಗಂದುಕೊಂಡದ್ದು ಅವತ್ತೊಂದೇ ದಿನ.

“ತೋಳಿಂದ ಎಳೀಬೇಡಮ್ಮ, ಸೊಂಟದಿಂದ ಎಳಿ,” ಅಂದರು ಮಾವ. “ಎಳಿ. ಬಿಡು. ತಿರುಗು. ಇನ್ನೊಂದ್ಸಲ.”

ಮಡಿಸಿದ್ದನ್ನು ಬಿಚ್ಚಿಸಿ ಮತ್ತೆ ಮಡಿಸಿದರು. ಮೂಲೆ ಕೂಡಲಿಲ್ಲ, ಗೆರೆ ಸೊಟ್ಟಗಾಯಿತು, ಕಾಲು ತಪ್ಪು ಜಾಗದಲ್ಲಿತ್ತು. ಬೆಡ್‌ಶೀಟ್ ಮಡಿಸುವುದಕ್ಕೂ ಕಾಲಿಗೂ ಏನು ಸಂಬಂಧ ಅಂತ ಅವಳಿಗೆ ತಿಳಿಯಲಿಲ್ಲ. ಹೊಸ ಸೊಸೆ, ಕೇಳಲೂ ಇಲ್ಲ.

ಅಲ್ಲಿಂದ ಶುರುವಾಯಿತು. ದಿಂಬಿನ ಧೂಳು ಕೊಡವುವುದಕ್ಕೆ ಕೋಲು ಕೂಡದು, ಅಂಗೈ ಮೊಣಕೈ ಎಲ್ಲ ಒಟ್ಟಿಗೆ ತಗುಲುವಂತೆ ಪೂರ್ತಿ ತೋಳಿನಿಂದಲೇ ಬಡಿಯಬೇಕು. ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಒಯ್ಯುವಾಗ ತಬ್ಬಿಕೊಂಡು ಹೋಗಬಾರದು, ಬೆನ್ನು ಕೊಟ್ಟು, ಮಂಡಿ ಬಗ್ಗಿಸಿ, ಸೊಂಟದ ಮೇಲೆ ಹೇರಿಕೊಂಡು ಏಳಬೇಕು. ನೆಲ ಒರೆಸುವಾಗ ಪಾದ ಎತ್ತುವಂತಿಲ್ಲ, ಜಾರಿಸಿಕೊಂಡೇ ಸರಿಯಬೇಕು. ಇವೆಲ್ಲಕ್ಕಿಂತ ದೊಡ್ಡ ಪೀಡೆ ಮಾವನ ಅಂಗಿಯ ಗುಂಡಿಗಳು. ಆ ಗುಂಡಿಗಳು ದಿನಾ ಕಿತ್ತು ಬೀಳುತ್ತಿದ್ದವು. ಬಿದ್ದವು ನೆಟ್ಟಗೆ ಮಂಚದ ಕೆಳಗೇ, ಅದೂ ಗೋಡೆಯ ಕಡೆಗೇ ಉರುಳುತ್ತಿದ್ದವು. ಮಂಡಿಯೂರಿ ಹೋದರೆ ಮಂಡಿ ಸವೆಯುತ್ತದೆ, ಹೆಗಲ ಮೇಲೆ ಉರುಳಿಕೊಂಡು ಹೋಗಿ ಉರುಳಿಕೊಂಡೇ ಬಾ ಅಂತ ಮಾವನ ಅಪ್ಪಣೆ.

ಅವಳು ಗಂಡನ ಹತ್ತಿರ ಹೇಳಿಕೊಂಡಳು. ವಯಸ್ಸಾಯಿತಲ್ಲ, ಸ್ವಲ್ಪ ಹೊಂದಿಕೊಂಡು ಹೋಗು ಅಂತ ಆ ಕಡೆ ಮಗ್ಗುಲು ಬದಲಿಸಿದ. ಅತ್ತೆಯ ಹತ್ತಿರ ಹೇಳಿಕೊಂಡಳು. ಅತ್ತೆ ಮಾವನ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದವರು ದಾರ ಕಚ್ಚಿ ತುಂಡರಿಸಿ, ‘ಹೂಂ’ ಅಂದರು. ಅಷ್ಟೇ. ತನ್ನ ಕೆಲಸ ಯಾವುದೂ ಈ ಮನೆಯವರಿಗೆ ಹಿಡಿಸುವುದಿಲ್ಲ ಅಂತ ಅವಳು ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತದ್ದೂ ಉಂಟು. ಅತ್ತು, ಮುಖ ತೊಳೆದು, ಕಾಲು ಜಾರಿಸಿಕೊಂಡೇ ಹೊರಗೆ ಬಂದಳು. ಅಷ್ಟರಲ್ಲಿ ಅದು ರೂಢಿಯಾಗಿಬಿಟ್ಟಿತ್ತು.

ರೂಢಿ ಬೇರೆ ಕಡೆಗೂ ಹಬ್ಬಿತು. ಅಂಗಡಿಯಲ್ಲಿ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ ನೋಡುತ್ತಿದ್ದ ದಪ್ಪನೆಯ ಹೆಂಗಸೊಬ್ಬರು ಆಯತಪ್ಪಿದಾಗ, ಇವಳು ಸ್ಟೂಲಿನಿಂದ ಯಾವಾಗ ಎದ್ದಳೋ, ಅವರನ್ನು ಬೆನ್ನಮೇಲೆ ಹೇರಿಕೊಂಡು ನಿಂತಿದ್ದಳು. ಮಾಲೀಕ ಕ್ಯಾಶ್ ಕೌಂಟರಿನಿಂದ ಬಗ್ಗಿ ನೋಡಿ, ಗಿರಾಕಿಗಳನ್ನು ಹಾಗೆಲ್ಲ ಹೊರಬಾರದು ಅಂತ ತಿಳಿಸಿ ಹೇಳಿದ. ಇನ್ನೊಂದು ಬೆಳಗಿನ ಜಾವ ಗಂಡ ನಿದ್ದೆಗಣ್ಣಿನಲ್ಲಿ ಹೊದಿಕೆಯನ್ನು ತನ್ನ ಕಡೆಗೆ ಎಳೆದುಕೊಂಡ. ಅವಳೂ ನಿದ್ದೆಯಲ್ಲೇ ಎಳೆದಳು, ಬಿಟ್ಟಳು, ತಿರುಗಿದಳು. ಕಣ್ಣು ಬಿಟ್ಟಾಗ ಗಂಡ ಮಂಚದ ಕೆಳಗಿದ್ದ. ಕನಸಿನಲ್ಲಿ ಲಿಫ್ಟು ಕುಸಿಯಿತು ಅಂದುಕೊಂಡು ಅವನು ಅವತ್ತು ರಜೆ ಹಾಕಿದ. ಪಕ್ಕದ ಕೋಣೆಯಿಂದ ಆ ಸದ್ದು ಕೇಳಿದ ಮಾವ ಮಾತ್ರ ದಿನವಿಡೀ ಹಾಡು ಗುನುಗುತ್ತ ಓಡಾಡಿದರಂತೆ.

ಮುಂದಿನ ಬೇಸಿಗೆಯಲ್ಲಿ ಶೆಡ್ಡಿನ ಹೊಸ ಕೋಚ್, ಅಂದರೆ ಮೇಷ್ಟ್ರ ಹಳೆಯ ಶಿಷ್ಯ, ಸಭಾಂಗಣದಲ್ಲಿ ಜೂಡೊ ಪ್ರದರ್ಶನ ಇಟ್ಟುಕೊಂಡ. ಆಟಗಾರರು ಬಚ್ಚಲಿಗೆ ಹೋಗಿಬರಲು ರಬ್ಬರ್ ಚಪ್ಪಲಿಗಳು ಬೇಕಾಗಿದ್ದವು. ಅಂಗಡಿಯಿಂದ ಚಪ್ಪಲಿಯ ಪೆಟ್ಟಿಗೆ ತಲುಪಿಸಲು ಇವಳೇ ಹೋದಳು. ಹೊರಟುಬರುವಷ್ಟರಲ್ಲಿ ಪ್ರದರ್ಶನ ಶುರುವಾಯಿತು, ಒಂದಿಷ್ಟು ಹೊತ್ತು ನೋಡಿ ಹೋಗೋಣ ಅಂತ ಗೋಡೆಗೊರಗಿ ನಿಂತಳು.

ಕೋಚ್ ಬೀರುವಿನಂಥ ಮನುಷ್ಯ. ಮೈಕಿನಲ್ಲಿ ಮಾತಾಡುತ್ತ, ಬಲವಿಲ್ಲದವರೂ ತಮ್ಮನ್ನು ಹೇಗೆ ಕಾಪಾಡಿಕೊಳ್ಳಬಹುದು ಅಂತ ಈಗ ತೋರಿಸುತ್ತೇನೆ ಅಂದ. ತೋರಿಸಿಕೊಡಲು ಗೊತ್ತುಮಾಡಿದ್ದ ಹುಡುಗಿ ಹಲ್ಲುನೋವು ಬಂದು ಮನೆಗೆ ಹೋಗಿದ್ದಳು. ಕೋಚ್ ಸಭೆಯ ಮೇಲೆಲ್ಲ ಕಣ್ಣಾಡಿಸಿ, ಇದ್ದುದರಲ್ಲಿ ಅತ್ಯಂತ ಸಣಕಲಾಗಿ ಕಂಡ ಇವಳನ್ನು ಕರೆದ. ಇವಳು ಒಲ್ಲೆ ಅಂದಳು. ಜನ ಚಪ್ಪಾಳೆ ತಟ್ಟಿದರು. ನಾಚಿಕೆಯಿಂದ ಮುದ್ದೆಯಾಗಿ, ಚಪ್ಪಲಿ ಕಳಚಿ, ಮ್ಯಾಟಿನ ಮೇಲೆ ನಿಂತಳು.

“ಹೆದರ್ಕೋಬೇಡಿ ಅಕ್ಕ. ನನ್ನ ಅಂಗೀನ ಇಲ್ಲಿ ಒಂದು ಕೈಯಿಂದ, ಇಲ್ಲಿ ಇನ್ನೊಂದು ಕೈಯಿಂದ ಹಿಡ್ಕೊಳ್ಳಿ, ಅಷ್ಟೇ ಸಾಕು. ಆಮೇಲಿಂದು ನಾನು ಹೇಳ್ತೀನಿ.”

ಅವಳು ಹಿಡಿದುಕೊಂಡಳು. ಒಗೆದು ಬಿಸಿಲಿಗೆ ಒಣಗಿಸಿದ ದಪ್ಪ ಹತ್ತಿಬಟ್ಟೆ, ಬೆಳ್ಳಗೆ, ಗರಿಗರಿಯಾಗಿ. ಬೆರಳಿಗೆ ಅದು ತಾಕಿದ್ದೇ ತಡ, ತಲೆಯನ್ನು ಕೇಳದೆ ಕೈಗಳು ತಮ್ಮ ಕೆಲಸಕ್ಕೆ ಇಳಿದವು. ಎಳೆದಳು. ಕೋಚ್ ಹಿಂದಕ್ಕೆ ವಾಲಿದ. ಬಿಟ್ಟಳು. ಅವನು ಮುಂದಕ್ಕೆ ಮುಗ್ಗರಿಸಿದ. ಅವಳು ಬೆನ್ನು ಕೊಟ್ಟು ತಿರುಗಿ, ಮಂಡಿ ಬಗ್ಗಿಸಿ ಎದ್ದಳು. ಬೀರು ಗಾಳಿಯಲ್ಲಿ ಒಂದು ಸುತ್ತು ಹೊಡೆದು ದಪ್ಪಂತ ಮ್ಯಾಟಿಗೆ ಬಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಕೈಗಳು ನಿಲ್ಲಲಿಲ್ಲ. ಬಿದ್ದವನ ಒಂದು ತೋಳನ್ನು ತಂದು ಎದೆಯ ಮೇಲೆ ಮಡಚಿದವು, ಇನ್ನೊಂದನ್ನು ಅದರ ಮೇಲೆ ಮಡಚಿದವು, ಅಂಗಿಯ ಅಂಚು ಕೂಡಿಸಿ ಸುಕ್ಕು ನೀವಿದವು. ಮೂಲೆ ಸರಿಯಾಗಿ ಕೂಡಿದ್ದನ್ನು ನೋಡಿದ ಮೇಲೇ ಅವಳಿಗೆ ಎಚ್ಚರವಾದದ್ದು.

ಸಭಾಂಗಣ ಹೋ ಅಂತ ಕುಣಿಯಿತು. ಇದೂ ಕಾರ್ಯಕ್ರಮದ ಭಾಗವೇ ಅಂತ ಎಲ್ಲರೂ ತಿಳಿದರು. ಅವಳು ಬಿಳಿಚಿಕೊಂಡು, ತಪ್ಪಾಯಿತು ಅಂತ ಮತ್ತೆ ಮತ್ತೆ ಹೇಳುತ್ತ ಬಗ್ಗಿದಳು. ಮಡಿಸಿಟ್ಟ ಸ್ಥಿತಿಯಲ್ಲೇ ಮಲಗಿದ್ದ ಕೋಚ್ ಚಾವಣಿ ನೋಡುತ್ತ ಮೆಲ್ಲಗೆ ಕೇಳಿದ:

“ಅಕ್ಕ, ನಮ್ಮ ಮೇಷ್ಟ್ರು ಹೇಗಿದಾರೆ?”

ಮಾವ ಹಿಂದೆ ಜೂಡೊ ಕಲಿಸುತ್ತಿದ್ದರು ಅಂತ ಅವಳು ಕೇಳಿದ್ದಳು, ಆದರೆ ಇಲ್ಲಿ ಅವರ ಮಾತೇಕೆ ಬಂತು ಅಂತ ಅರ್ಥವಾಗಲಿಲ್ಲ. ಎಳೆದು ಬಿಟ್ಟು ತಿರುಗುವ ಈ ಪಟ್ಟು ಹಾಕುವವರು ಒಬ್ಬರೇ, ಅವರು ತನ್ನ ಗುರು ಅಂತ ಅವನೇ ಎದ್ದು ಕೂತು ಬಿಡಿಸಿ ಹೇಳಿದ. ಹೇಳುತ್ತಿದ್ದಂತೆ ಅವಳ ಕಣ್ಣ ಮುಂದೆ ದಿಂಬು, ಹಾಸಿಗೆ, ಒದ್ದೆ ನೆಲ, ಮಂಚದ ಕೆಳಗಿನ ಕತ್ತಲು ಎಲ್ಲ ಸಾಲಾಗಿ ಬಂದು ನಿಂತವು. ನಡೆದೇ ಮನೆಗೆ ಬಂದಳು. ಬಸ್ಸಿನಲ್ಲಿ ಕೂರುವಷ್ಟು ತಾಳ್ಮೆ ಇರಲಿಲ್ಲ.

ಸುದ್ದಿ ಅವಳಿಗಿಂತ ಮುಂಚೆ ಮನೆ ಮುಟ್ಟಿತ್ತು. ಗಂಡ ಹಾಲ್‌ನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ಮಾವ ಪೇಪರ್ ಹಿಡಿದುಕೊಂಡಿದ್ದರು, ತಲೆಕೆಳಗಾಗಿ. ಅತ್ತೆ ಟೊಮೆಟೊ ಹೆಚ್ಚುತ್ತಿದ್ದರು.

“ಮಾವ, ಬೆಡ್‌ಶೀಟ್?” ಅಂತ ಕೇಳಿದಳು.

“ಅದು ಪಟ್ಟು ಕಣಮ್ಮ,” ಪೇಪರಿನ ಹಿಂದಿನಿಂದ ದನಿ ಬಂತು.

ದಿಂಬು ಬಡಿದದ್ದು ಬೀಳುವಾಗ ತೋಳಿಂದ ನೆಲ ಬಡಿದು ಪೆಟ್ಟು ತಪ್ಪಿಸಿಕೊಳ್ಳಲಿಕ್ಕಂತೆ, ಹಾಸಿಗೆ ಹೊತ್ತದ್ದು ಸೊಂಟಕ್ಕಂತೆ, ನೆಲ ಒರೆಸಿದ್ದು ಪಾದಕ್ಕಂತೆ. ಅವಳು ಉರುಳುವುದನ್ನು ಕಲಿಯಲಿ ಅಂತ ಗುಂಡಿಗಳನ್ನು ತಾನೇ ಕೀಳುತ್ತಿದ್ದುದಾಗಿಯೂ ಮಾವ ಒಪ್ಪಿಕೊಂಡರು.

“ಅಟ್ಟದ ಮೇಲಿನ ಪಾತ್ರೆನೆಲ್ಲ ಇಳಿಸಿ ಉಜ್ಜಿಸಿದ್ರಲ್ಲ, ಅದು?”

ಮಾವ ಪೇಪರನ್ನು ಒಂದಿಷ್ಟು ಇಳಿಸಿ ಅಟ್ಟದ ಕಡೆ ನೋಡಿದರು. “ಪಾತ್ರೆ ಕೊಳೆಯಾಗಿತ್ತಮ್ಮ,” ಅಂದರು.

ಗಂಡನಿಗೆ ನಗು ಬಂತು. ಅವಳಿಗೆ ಬರಲಿಲ್ಲ. ತಾನು ಏನು ಮಾಡಿದರೂ ಸರಿಯಿಲ್ಲ ಅಂತ ಇಷ್ಟು ದಿನ ಎಷ್ಟು ಕೊರಗಿದ್ದಾಳೆ ಅನ್ನುವುದನ್ನು ಅವಳು ಅವತ್ತು ಮೊದಲ ಸಲ ಎಲ್ಲರೆದುರು ಹೇಳಿದಳು, ಬಚ್ಚಲುಮನೆಯ ನಲ್ಲಿಯನ್ನೂ ಬಿಡಲಿಲ್ಲ. ಮಾವ ಪೇಪರ್ ಕೆಳಗಿಟ್ಟರು. ಅವರ ಮುಖ ಇಷ್ಟೇ ಇಷ್ಟಾಗಿತ್ತು.

“ನಾನು ಪಾಠ ಮಾಡಿದೋರಲ್ಲಿ ನಿನ್ನಷ್ಟು ಬೇಗ ಕಲ್ತೋರು ಯಾರೂ ಇಲ್ಲಮ್ಮ. ಅದನ್ನ ಹೇಳೋ ಹಾಗಿರಲಿಲ್ಲ. ಹೇಳಿದ್ರೆ ನಿನ್ನ ಗಂಡ ಬಿಡ್ತಿರಲಿಲ್ಲ. ತಪ್ಪು ನಂದೇ.”

ಆಗ ಅತ್ತೆ ಚಾಕು ಕೆಳಗಿಟ್ಟು ಬಾಯಿ ತೆರೆದರು.

“ಇವರಿಗೆ ಆ ಪಟ್ಟು ಹೇಳಿಕೊಟ್ಟಿದ್ದು ಯಾರು ಅಂತಾನೂ ಒಂದು ಮಾತು ಕೇಳು.”

ಮಾವ ಮತ್ತೆ ಪೇಪರಿಗೆ ಕೈಹಾಕಿದರು. ಅತ್ತೆ ಅದನ್ನು ಎತ್ತಿ ಪಕ್ಕಕ್ಕಿಟ್ಟರು.

ಹೊರಬಿದ್ದ ಸಂಗತಿ ಇಷ್ಟು. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಎಲ್ಲ ಪಂದ್ಯಗಳಲ್ಲೂ ಸೋತು, ಮೂಗು ಊದಿಸಿಕೊಂಡು ಬರುತ್ತಿದ್ದ ಆಟಗಾರ. ಹೆಂಡತಿಯ ಪಾಳಿ ಬೇಗ ಮುಗಿಯಲಿ ಅಂತ ಆಸ್ಪತ್ರೆಯ ಲಾಂಡ್ರಿಗೆ ಹೋಗಿ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿಯುತ್ತಿದ್ದರು. ಹೆಂಡತಿಯದು ದಿನಕ್ಕೆ ರಾಶಿರಾಶಿ ಮಡಿಸುವ ಕೈ. ಎಳೆದು, ಬಿಟ್ಟು, ತಿರುಗಿದಾಗಲೆಲ್ಲ ಗಂಡ ಹೋಗಿ ಕೊಳೆಬಟ್ಟೆಯ ಬುಟ್ಟಿಗೆ ಬೀಳುತ್ತಿದ್ದರು. ಹೀಗೆ ಬಿದ್ದು ಬಿದ್ದು, ಯಾಕೆ ಬೀಳುತ್ತಿದ್ದೇನೆ ಅಂತ ಒಂದು ದಿನ ಅವರಿಗೆ ಹೊಳೆಯಿತು. ಮುಂದಿನ ಪಂದ್ಯ ಗೆದ್ದರು. ಪಟ್ಟಿಗೆ ತಮ್ಮ ಹೆಸರು ಅಂಟಿಕೊಂಡಾಗ ಬೇಡ ಅನ್ನಲಿಲ್ಲ.

ಸೊಸೆ ಮಾವನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಅಲ್ಲಿಯವರೆಗೆ ಬಾರದಿದ್ದ ನಗು ಆಗ ಬಂತು. ಗೋಡೆ ಹಿಡಿದುಕೊಂಡು ನಕ್ಕಳು.

ಮರುದಿನ ಕೋಚ್ ಸೊಂಟನೋವಿನ ಬೆಲ್ಟ್ ಕಟ್ಟಿಕೊಂಡು ಮನೆಗೆ ಬಂದ. ಮೇಷ್ಟ್ರನ್ನು ಮರಳಿ ಕರೆಯಲು ಬಂದವನು, ಕತೆ ಪೂರ್ತಿ ಕೇಳಿದ ಮೇಲೆ ಅತ್ತೆಯ ಕಡೆಗೆ ತಿರುಗಿ ಕೂತ. ಅತ್ತೆ ಕೂಡಲೇ ಒಪ್ಪಲಿಲ್ಲ. ಕೂರಲು ಒರಗುಕುರ್ಚಿ ಬೇಕು, ಶೆಡ್ಡಿನ ಕಿಟಕಿ ತೊಳೆದಿರಬೇಕು, ಯಾರೂ ತಮ್ಮನ್ನು ಮೇಡಂ ಅನ್ನಕೂಡದು ಅಂದರು. ಈಗ ಶೆಡ್ಡಿನಲ್ಲಿ ಹೆಂಗಸರ ತರಗತಿ ನಡೆಯುತ್ತಿದೆ. ಅಂಗಡಿ ಮುಗಿಸಿ ಬಂದು ಸೊಸೆ ಮ್ಯಾಟಿನ ಮೇಲೆ ಹೇಳಿಕೊಡುತ್ತಾಳೆ, ಅತ್ತೆ ಕುರ್ಚಿಯಿಂದ ‘ಹೂಂ’ ಅಥವಾ ‘ಊಹೂಂ’ ಅನ್ನುತ್ತಾರೆ. ನೆಲ ಒರೆಸುವ ಕೆಲಸ ಮಾವನದು. ನಿಧಾನವಾಗಿ ಓಡಾಡಿದರೆ ಸೊಂಟಕ್ಕೆ ಒಳ್ಳೆಯದು ಅಂತ ಡಾಕ್ಟರೇ ಹೇಳಿದ್ದಾರೆ.

ಗಂಡ ಮೊದಮೊದಲು ಮುನಿಸಿಕೊಂಡಿದ್ದ. ಅವಳು ಜೂಡೊ ದರ್ಜೆಯ ಬೆಲ್ಟಿಗೆ ಪರೀಕ್ಷೆ ಕೊಡುವ ದಿನ ಮಾತ್ರ ಬಂದು ಕೊನೆಯ ಸಾಲಿನಲ್ಲಿ ಕೂತ. ಹೊರಗಿನಿಂದ ಬಂದ ಪರೀಕ್ಷಕರು ಪಟ್ಟುಗಳ ಹೆಸರು ಕೇಳಿದರು. ಅವಳಿಗೆ ಒಂದೂ ಗೊತ್ತಿರಲಿಲ್ಲ. ‘ಡಬಲ್ ಬೆಡ್‌ಶೀಟ್’ ಅಂದಳು, ‘ಹಾಸಿಗೆ’ ಅಂದಳು. ಪರೀಕ್ಷಕರು ತಲೆಯಾಡಿಸಿ, ಹೆಸರಿರಲಿ, ಹಾಕಿ ತೋರಿಸಿ ಅಂತ ತಾವೇ ಎದ್ದು ಬಂದರು. ಗಂಡ ಕಣ್ಣು ಮುಚ್ಚಿಕೊಂಡ. ದಪ್ಪಂತ ಸದ್ದಾದ ಮೇಲೆ ಒಂದೇ ಕಣ್ಣು ತೆರೆದು, ಬಿದ್ದದ್ದು ಯಾರು ಅಂತ ನೋಡಿ, ಎದ್ದುನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಹಳದಿ ಬೆಲ್ಟ್ ಸಿಕ್ಕಿತು. ಮನೆಗೆ ಬಂದವಳು ಅದನ್ನು ಮೊದಲು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿ ನೋಡಿ, ತುದಿಯನ್ನು ಒದ್ದೆ ಬೆರಳಿನಿಂದ ತಿಕ್ಕಿದರು.

“ಬಣ್ಣ ಬಿಡುತ್ತೆ,” ಅಂದರು. “ಬೇರೆಯಾಗಿ ಒಗಿ.”