ಗಾಜಿನ ಜಾಡಿಯಲ್ಲಿ ಹೊಳೆಯ ಮರಳು

ಅಪ್ಪ ಮುಳುಗಿದ ಜಾಗದಲ್ಲಿ ಕಾಗಿಣಾ ನದಿಯ ನೀರು ಅವನ ಸೊಂಟಮಟ್ಟಕ್ಕಿಂತ ಹೆಚ್ಚಿರಲಿಲ್ಲ. ಸೇಡಂ ಹತ್ತಿರದ ನಮ್ಮ ಊರಿನಲ್ಲಿ ಅರ್ಧ ಜನಕ್ಕೆ ಈಜು ಕಲಿಸಿದವನೇ ಅವನು. ಅಜ್ಜ ದೋಣಿ ನಡೆಸುತ್ತಿದ್ದ. ಸೇತುವೆ ಆದಮೇಲೆ ಅಪ್ಪನಿಗೆ ಉಳಿದದ್ದು ಬಲೆ ಮಾತ್ರ. ದಿನಾ ಬೆಳಿಗ್ಗೆ ಹೊಳೆಯನ್ನು ನಡೆದೇ ದಾಟಿ, ಆಚೆ ದಂಡೆಯಲ್ಲಿ ಹಾಕಿದ ಬಲೆ ಬಿಡಿಸಿಕೊಂಡು ಬರುತ್ತಿದ್ದ. ಅವತ್ತೂ ಹಾಗೆಯೇ ಹೋದ.

ಮೊದಲು ಓಡಿಹೋದವರು ಪಕ್ಕದ ಮನೆಯ ಕಾಕಾ. ಮೂರನೆಯ ದಿನ ಅವರು ನನ್ನೆದುರು ಕೂತು ಹೇಳಿದರು: “ಕೈ ಹಿಡಿದು ಜಗ್ಗಿದ್ರ ಬರಲಿಲ್ಲವ್ವಾ. ತೊಡಿ ತನಕ ಉಸುಕಿನ್ಯಾಗ ಹೂತಿದ್ವು ಕಾಲು. ನಾಕು ಮಂದಿ ನೀರಾಗ ಮುಳುಗಿ ಮುಳುಗಿ ಬಗದು ತಗದೀವಿ.”

ವಯಸ್ಸಾಗಿತ್ತು, ತಲೆ ತಿರುಗಿ ಬಿದ್ದಿರಬೇಕು ಅಂದರು ಊರಿನವರು. ಸಾವಿನ ಸರಕಾರಿ ಕಾಗದದಲ್ಲೂ ಹಾಗೆಯೇ ಬರೆದರು. ಆದರೆ ಆ ಜಾಗ ಹೇಗಿತ್ತೆಂದು ನನಗೆ ಗೊತ್ತಿತ್ತು. ಬೇಸಿಗೆಯಲ್ಲಿ ಯಾರೋ ಯಂತ್ರ ಇಳಿಸಿ, ಆಳೆತ್ತರದ ಹೊಂಡ ಬೀಳುವಂತೆ ಮರಳು ತೆಗೆದಿದ್ದರು. ಮಳೆಗಾಲದ ಮೊದಲ ಪ್ರವಾಹ ಹೊಸ ಮರಳು ತಂದು ಹೊಂಡ ತುಂಬಿತ್ತು. ಅಪ್ಪ ಕಾಲಿಟ್ಟದ್ದು ಅದರ ಮೇಲೆ.

ನಾನು ಶಹಾಬಾದಿನ ಕಡೆ ಒಂದು ಡಿಪ್ಲೊಮಾ ಕಾಲೇಜಿನಲ್ಲಿ, ಮಣ್ಣು ಮರಳು ಪರೀಕ್ಷಿಸುವ ಪ್ರಯೋಗಾಲಯದ ಸಹಾಯಕಿ. ಉದ್ದನೆಯ ಗಾಜಿನ ಜಾಡಿಗೆ ಮರಳು, ನೀರು ಹಾಕಿ ಅಲುಗಾಡಿಸಿ ಇಡುವುದು. ದಪ್ಪ ಕಣ ಮೊದಲು, ಸಣ್ಣ ಕಣ ಆಮೇಲೆ, ರಾಡಿ ಎಲ್ಲಕ್ಕಿಂತ ಕೊನೆಗೆ ಇಳಿಯುವುದನ್ನು ಮಕ್ಕಳಿಗೆ ತೋರಿಸುವುದು. ವರ್ಷಗಟ್ಟಲೆ ಮಾಡಿದ್ದೆ, ಏನೂ ಅನ್ನಿಸಿರಲಿಲ್ಲ. ಅಪ್ಪನ ದಿನಕರ್ಮ ಮುಗಿಸಿ ಕೆಲಸಕ್ಕೆ ಮರಳಿದಾಗ ಆ ಜಾಗದ ಮರಳನ್ನು ಒಂದು ಚೀಲದಲ್ಲಿ ತುಂಬಿಕೊಂಡು ಹೋದೆ.

ನಮ್ಮ ಲೆಕ್ಚರರ್ ಮೇಡಂ ಚಿಂಚೋಳಿಯವರು. ಚೀಲ ನೋಡಿ ಎರಡು ಜಾಡಿ ತರಿಸಿದರು. ಒಂದರಲ್ಲಿ ಮರಳನ್ನು ಕೋಲಿನಿಂದ ಜಡಿದು ಗಟ್ಟಿ ಮಾಡಿದೆವು. ಇನ್ನೊಂದರಲ್ಲಿ ಮೊದಲು ನೀರು ತುಂಬಿ, ಜರಡಿಯಿಂದ ಮರಳನ್ನು ಮೆಲ್ಲಗೆ ಉದುರಿಸಿ ತಾನೇ ಕೂರಲು ಬಿಟ್ಟೆವು. ಎರಡರ ಮೇಲೂ ಒಂದೊಂದು ಕಬ್ಬಿಣದ ತೂಕದ ಕಲ್ಲು ಇಟ್ಟೆ. ಎರಡೂ ನಿಂತವು.

“ಈಗ ಜಾಡಿಗೆ ಬೆರಳಿಲೆ ಹೊಡೀರಿ,” ಅಂದರು ಮೇಡಂ.

ಗಟ್ಟಿ ಮರಳಿನ ಮೇಲಿನದು ಅಲುಗಲಿಲ್ಲ. ಎರಡನೆಯ ಜಾಡಿಗೆ ಬೆರಳು ತಾಗಿದ್ದೇ ತಡ, ತೂಕದ ಕಲ್ಲು ಕಾಣೆಯಾಯಿತು.

“ಕಣ ಒಂದಕ್ಕೊಂದು ಹಗೂರಕ ಒರಗಿ ನಿಂತಿರ್ತಾವ,” ಮೇಡಂ ಮೆಲ್ಲಗೆ ಹೇಳಿದರು. “ಅಲುಗಿದ್ರ ಎಲ್ಲಾ ಒಮ್ಮಿಗೇ ಕೈ ಬಿಡ್ತಾವ. ಒಂದ್ ಗಳಿಗಿ ಉಸುಕು ಅಂಬಲಿ ಆಗ್ತದ. ಆಮ್ಯಾಲ ಮತ್ತ ಗಟ್ಟಿ ಕುಂದರ್ತದ.”

ತೂಕಕ್ಕೆ ಕಟ್ಟಿದ್ದ ದಾರವನ್ನು ಹಿಡಿದು ಎಳೆದೆ. ಬರಲಿಲ್ಲ. ಜೋರಾಗಿ ಎಳೆದಾಗ ದಾರವೇ ಹರಿಯಿತು.

ಮರುದಿನ ಮತ್ತೆ ಮಾಡಿದೆ. ಆ ಮಳೆಗಾಲವೆಲ್ಲ, ಮಕ್ಕಳ ಪ್ರಾಕ್ಟಿಕಲ್ ಮುಗಿದ ಮೇಲೆ ಅದನ್ನೇ ಮಾಡಿದೆ. ದಪ್ಪ ಮರಳು, ಸಣ್ಣ ಮರಳು, ರಾಡಿ ಬೆರೆತ ಮರಳು. ಪ್ರತಿಯೊಂದನ್ನೂ ರೆಕಾರ್ಡ್ ಪುಸ್ತಕದಲ್ಲಿ ಬರೆದೆ. ನನಗೆ ಬೇಕಾದದ್ದು ಎರಡೇ: ಹೊಂಡಗಳ ಸುತ್ತ ಬೇಲಿ ಹಾಕಬೇಕು, ಅಪ್ಪ ತಲೆತಿರುಗಿ ಸತ್ತನೆಂದು ಬರೆದದ್ದನ್ನು ತಿದ್ದಬೇಕು. ಅರ್ಜಿ ಕೊಟ್ಟು ಅಲೆದು ಅಲೆದು, ಕೊನೆಗೆ ಒಬ್ಬ ಅಧಿಕಾರಿ ಸೇಡಂಗೆ ಬಂದಾಗ ಹತ್ತು ನಿಮಿಷ ಕೊಡುತ್ತೇನೆ ಅಂದರು.

ಮೇಡಂಗೆ ಅವತ್ತು ಪರೀಕ್ಷೆಯ ಕೆಲಸ. ನಾನೊಬ್ಬಳೇ ಹೊರಟೆ. ಜರಡಿ ಹಿಡಿದು ಉದುರಿಸುತ್ತ ಕೂರಲು ಅಲ್ಲಿ ಸಮಯ ಸಿಗುವುದಿಲ್ಲವೆಂದು ಪ್ರಯೋಗಾಲಯದಲ್ಲೇ ಜಾಡಿ ಸಿದ್ಧಮಾಡಿದೆ. ಬಾಯಿಗೆ ಬಟ್ಟೆ ಕಟ್ಟಿ, ತೊಡೆಯ ಮೇಲಿಟ್ಟು, ಮಗುವನ್ನು ಅಪ್ಪಿಕೊಂಡಂತೆ ಬಸ್ಸಿನಲ್ಲಿ ಕೂತೆ. ವಾಡಿ ದಾಟಿತು, ಚಿತ್ತಾಪುರ ದಾಟಿತು. ಸಿಮೆಂಟ್ ಲಾರಿಗಳು ಕಿತ್ತುಹಾಕಿದ ರಸ್ತೆ. ಬಸ್ಸು ಎತ್ತಿ ಎತ್ತಿ ಒಗೆಯುತ್ತಿತ್ತು. ಜಾಡಿ ಒಡೆಯಬಾರದು, ನೀರು ಚೆಲ್ಲಬಾರದು ಎಂಬುದೊಂದೇ ನನ್ನ ತಲೆಯಲ್ಲಿ.

ಅಧಿಕಾರಿ ಒಳ್ಳೆಯ ಮನುಷ್ಯ. “ಕುಂದರ್ರಿ,” ಅಂದರು. ನಾನು ಕೂರಲಿಲ್ಲ. ಮೇಜಿನ ಮೇಲೆ ಜಾಡಿ ಇಟ್ಟು, ತೂಕವನ್ನಿಟ್ಟೆ. “ಈಗ ನೋಡ್ರಿ ಸರ,” ಎಂದು ಬೆರಳಿನಿಂದ ಹೊಡೆದೆ.

ಅದು ನಿಂತೇ ಇತ್ತು.

ಮತ್ತೆ ಹೊಡೆದೆ. ಮುಷ್ಟಿಯಿಂದ ಗುದ್ದಿದೆ. ಮರಳಿನ ಮಟ್ಟ ಎರಡು ಬೆರಳು ಕೆಳಗೆ ಇಳಿದಿದ್ದುದು ಆಗ ಕಣ್ಣಿಗೆ ಬಿತ್ತು. ದಾರಿಯುದ್ದಕ್ಕೂ ಬಸ್ಸು ಅದನ್ನು ಕುಲುಕಿ ಕುಲುಕಿ ಕಲ್ಲಿನಂತೆ ಗಟ್ಟಿ ಮಾಡಿತ್ತು. ಅಲುಗಿದ ಮರಳು ಗಟ್ಟಿಯಾಗಿ ಕೂರುತ್ತದೆಂದು ಒಂದು ಪುಸ್ತಕ ತುಂಬ ಬರೆದ ನನಗೇ ಅದು ಹೊಳೆದಿರಲಿಲ್ಲ.

“ನಿಂತದಲ್ಲವಾ ಅದು, ತಂಗಿ,” ಅಂದರು ಅಧಿಕಾರಿ.

“ಬಸ್ಸಿನ್ಯಾಗ ಕುಲುಕ್ಯಾದ ಸರ. ಕಲಕಿ ಮತ್ತ ಕುಂದರಸ್ತೀನಿ. ಅರ್ಧ ತಾಸು ಕೊಡ್ರಿ.” ಅವರು ಉತ್ತರಿಸುವ ಮೊದಲೇ ಮೊಳಕೈವರೆಗೆ ಕೈ ಹಾಕಿ ಕಲಕಿಬಿಟ್ಟೆ. ನೀರೆಲ್ಲ ರಾಡಿಯಾಯಿತು. ತೂಕವೂ ಕಾಣಲಿಲ್ಲ, ಮರಳೂ ಕಾಣಲಿಲ್ಲ. ಮೇಜಿನ ಮೇಲಿನ ಕಾಗದಗಳ ಮೇಲೆ ರಾಡಿ ನೀರು ಸಿಡಿದಿತ್ತು. ಹೊರಗೆ ಜನ ಸಾಲುಗಟ್ಟಿ ಕಾಯುತ್ತಿದ್ದರು. ಅಧಿಕಾರಿ ಕರವಸ್ತ್ರದಿಂದ ಕಾಗದ ಒರೆಸುತ್ತ ಹೇಳಿದರು: “ನಿಮ್ಮ ಸಂಕಟ ನನಗ ತಿಳೀತದ. ಆದ್ರ ನನ್ನ ಕಣ್ಣಿಗಿ ಏನು ಕಂಡದ ಅಂತ ಬರೀಲಿ, ಹೇಳ್ರಿ?”

ರೆಕಾರ್ಡ್ ಪುಸ್ತಕ ಮುಂದಿಟ್ಟೆ. ಎರಡು ಪುಟ ತಿರುವಿ ಹಿಂದಕ್ಕೆ ಕೊಟ್ಟರು. ಜಾಡಿಯ ನೀರನ್ನು ಕಚೇರಿಯ ಹಿಂದಿನ ಮೋರಿಗೆ ಸುರಿದು, ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ. ಅಳುವೂ ಬರಲಿಲ್ಲ.

ಕೆಲವು ವಾರಗಳ ಮೇಲೆ ಅರ್ಜಿ ಮುಕ್ತಾಯವಾಗಿದೆಯೆಂದು ಪತ್ರ ಬಂತು. ಮುಂದಿನ ಬೇಸಿಗೆಗೆ ಯಂತ್ರಗಳು ಹೊಳೆಗೆ ಮತ್ತೆ ಇಳಿದವು. ನೀರಿಗೆ ಹೋಗುವವರನ್ನು ತಡೆದು, ಹೊಂಡವಿದ್ದ ಕಡೆ ಕಾಲಿಡಬೇಡಿ ಎಂದು ಹೇಳುತ್ತೇನೆ. “ನಿಮ್ಮಪ್ಪಗ ವಯಸ್ಸಾಗಿತ್ತವ್ವಾ,” ಎಂದು ನಕ್ಕು ಮುಂದೆ ಹೋಗುತ್ತಾರೆ. ಮೇಡಂ ಇನ್ನೊಮ್ಮೆ ಪ್ರಯತ್ನಿಸೋಣ ಅಂದರು. ನನಗೆ ಜರಡಿ ಮುಟ್ಟಲು ಕೈ ಬರಲಿಲ್ಲ.

ಒಂದು ಭಾನುವಾರ ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತದೆ ಕೇಳಿದಳು: “ನೀ ದಿನಾ ಉಸುಕು ನೋಡಾಕಿ. ಖರೇ ಹೇಳು. ನಿಮ್ಮಪ್ಪ ಭಾಳ ಹೊತ್ತು ಒದ್ದಾಡ್ಯಾನೇನು?”

ತೊಡೆಯವರೆಗೆ ಹೂತವನಿಗೆ ಸೊಂಟಮಟ್ಟದ ನೀರು ಮೂಗಿನವರೆಗೆ ಬರುತ್ತದೆ. ಕುತ್ತಿಗೆ ಚಾಚಿದರೆ ಉಸಿರು ಸಿಗುತ್ತದೆ. ಬಲವಿರುವ ತನಕ ಸಿಗುತ್ತದೆ. ಅಪ್ಪನಿಗೆ ಬಲವಿತ್ತು.

“ಇಲ್ಲವ್ವಾ,” ಅಂದೆ. “ಒಮ್ಮಿಗೇ ಆಗ್ಯಾದ.”

ಅವ್ವ ಮೊರದಿಂದ ತಲೆ ಎತ್ತಿ ನನ್ನ ಮುಖ ನೋಡಿದಳು. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು ಒಳಗೆ ಹೋಗಿ ಮಲಗಿದಳು.