ಸಬಕಾರ ಹಚ್ಚಿದ ಕಾರು

ಮೊನ್ನೆ ಹುಲಕೋಟಿಯ ಹೋಟೆಲೊಂದರ ಮುಂದೆ ಕೆಂಪು ಕಾರು ನಿಂತಿತ್ತು. ರೇಸಿನ ಕಾರಂತೆ, ಎರಡೇ ಸೀಟು, ಬಾಗಿಲಲ್ಲೊಂದು ತಗ್ಗು. ನನ್ನ ಕೈ ಸುಮ್ಮನಿರಬೇಕಲ್ಲ! ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ಅದರ ಒಡೆಯ, ಒಬ್ಬ ಯುವಕ, ಗಾಬರಿಯಿಂದ ಓಡಿ ಬಂದ.

“ಅಲ್ಯೂಮಿನಿಯಂ ಅಲ್ಲೇನಪಾ?”

“ಹೌದ್ರಿ ಅಮ್ಮಾ... ನಿಮಗ ಹೆಂಗ ಗೊತ್ತಾತು?”

ಅದನ್ನು ಹೇಳಬೇಕಾದರೆ ನೀವೂ ಸ್ವಲ್ಪ ಕುಳಿತುಕೊಳ್ಳಬೇಕು.

ನಾನು ಬೆಟಗೇರಿಗೆ ಸೊಸೆಯಾಗಿ ಬಂದದ್ದು ಕರ್ನಾಟಕ ಒಂದಾದ ವರ್ಷ. ಮಾವನವರು ತಾಮ್ರದ ಪಾತ್ರೆ ಬಡಿಯುವವರು. ಪೇಟೆಗೆ ಅಲ್ಯೂಮಿನಿಯಂ ಬಂದು ಅವರ ಕೆಲಸ ಅರ್ಧಕ್ಕರ್ಧ ನಿಂತಿತ್ತು. ಅದರ ಹೆಸರೆತ್ತಿದರೆ ಅವರಿಗೆ ಮೈ ಉರಿಯುತ್ತಿತ್ತು. ನಾನೋ, ತವರಿನಿಂದ ತಂದದ್ದೇ ಅಲ್ಯೂಮಿನಿಯಂ ಬೋಗುಣಿಗಳು!

ಅಂಥವರ ಬಳಿಗೆ ಮುಂಡರಗಿಯ ಅರಳೆ ಸಾಹುಕಾರರು ತಮ್ಮ ಹಳೆಯ ರೇಸಿನ ಕಾರು ತಂದರು. “ಮುಂದಿನ ಉಕ್ಕಿನ ಮೂತಿ ಭಾಳ ವಜ್ಜ ಆಗೇತ್ರಿ, ಎತ್ತಾಕ ಇಬ್ಬರು ಬೇಕು. ಅಲ್ಯೂಮಿನಿಯಂದು ಮಾಡಿಕೊಡ್ರಿ. ರಾಜ್ಯ ಒಂದಾಗೋ ದಿನ ಇದರಾಗ ಗದಗಕ್ಕ ಬರಬೇಕು” ಎಂದು ಎರಡು ತಗಡು ಇಳಿಸಿದರು. ಉಕ್ಕು ಗಟ್ಟಿ, ಪೆಟ್ಟು ತಡೆಯುತ್ತದೆ, ಬೆಂಕಿಗೂ ಹೆದರುವುದಿಲ್ಲ ಎಂದು ಮಾವನವರು ವಾದಿಸಿದರು. ಕೊನೆಗೆ ಒಪ್ಪಿದರು. ಬೇರೆ ಕೆಲಸವಾದರೂ ಎಲ್ಲಿತ್ತು?

ತಾಮ್ರವನ್ನು ಮೆತ್ತಗೆ ಮಾಡಲು ಕೆಂಪಗೆ ಕಾಸುತ್ತಾರೆ. ಮಾವನವರು ಈ ತಗಡನ್ನೂ ಕುಲುಮೆಗೆ ಹಿಡಿದು ಕೆಂಪಾಗಲೆಂದು ಕಾದರು. ಅದು ಕೆಂಪಾಗಲೇ ಇಲ್ಲ. ಬೆಳ್ಳಗಿದ್ದ ಹಾಗೇ ಕರಗಿ ಬೂದಿಗೆ ಬಿತ್ತು. ನಲವತ್ತು ವರ್ಷ ಪಳಗಿದ ಕೈ! “ನನ್ನ ಕಾಲ ಮುಗೀತವ್ವಾ” ಎಂದು ಸುತ್ತಿಗೆ ಕೆಳಗಿಟ್ಟರು. ಇನ್ನು ಒಂದೇ ತಗಡು ಉಳಿದಿತ್ತು.

ಹೊಸ ಸೊಸೆ ಕುಲುಮೆಯ ಹತ್ತಿರ ಸುಳಿಯುವಂತಿರಲಿಲ್ಲ. ಆದರೆ ಪಾತ್ರೆ ಸುಡುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಮಸಿ ಹಿಡಿಯದಿರಲೆಂದು ಬೋಗುಣಿಯ ತಳಕ್ಕೆ ಬಟ್ಟೆ ಒಗೆಯುವ ಸಬಕಾರ ಸವರುತ್ತಿದ್ದೆ. ಒಮ್ಮೆ ನೀರು ಹಾಕದೆ ಒಲೆಯ ಮೇಲೆ ಮರೆತೆ: ಸಬಕಾರ ಕಂದಾಗಿತ್ತು, ಬೋಗುಣಿ ಒತ್ತಿದಲ್ಲಿ ತಗ್ಗುತ್ತಿತ್ತು. ಇನ್ನೊಮ್ಮೆ ಸಬಕಾರ ಕರ್ರಗಾಗುವವರೆಗೂ ಮರೆತೆ: ಬೋಗುಣಿಗೆ ತಳವೇ ಇರಲಿಲ್ಲ.

ಬಾಗಿಲಲ್ಲೇ ನಿಂತು, “ಮಾವಾರ, ತಗಡಿಗೆ ಸಬಕಾರ ಹಚ್ಚಿ ಕಾಸ್ರಿ. ಕಂದು ಆದಕೂಡ್ಲೆ ತಗೀರಿ” ಎಂದೆ.

ಅವರು ನನ್ನನ್ನೇ ದಿಟ್ಟಿಸಿದರು. ಬೈಗುಳಕ್ಕೆ ತಯಾರಾದೆ.

“ಒಳಗ ಬಾರವ್ವಾ, ನೀನ ಹಚ್ಚು.”

ಸಬಕಾರ ಕಂದಾದಕೂಡಲೇ ತೆಗೆದ ತಗಡು ಸುತ್ತಿಗೆಯ ಮಾತು ಕೇಳಿತು. ಉಕ್ಕಿನ ಮೂತಿಯನ್ನು ಇಬ್ಬರು ಇಳಿಸಿದ್ದರು. ಹೊಸದನ್ನು ಮಾವನವರು ಒಬ್ಬರೇ ಎತ್ತಿ ಕೂಡಿಸಿದರು. ಏಕೀಕರಣದ ದಿನ ಆ ಕಾರು ಡಂಬಳ ದಾಟಿ ಗದಗಿಗೆ ಬಂದಾಗ ಜನ ಸಾಹುಕಾರರನ್ನು ನೋಡಿದರು, ಮಾವನವರು ನನ್ನನ್ನು ನೋಡಿದರು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಯುವಕ ಬಾಗಿಲ ತಗ್ಗನ್ನು ಸವರುತ್ತ, “ಇದನ್ನ ತಗಿಯೋರು ಈ ಕಡೆ ಯಾರೂ ಇಲ್ಲಂತ್ರಿ” ಎಂದ.

“ಬೆಟಗೇರಿಗೆ ಬಾರಪಾ. ನಮ್ಮ ಕುಲುಮಿ ಇನ್ನೂ ಆರಿಲ್ಲ. ಈಗ ಸುತ್ತಿಗಿ ಹಿಡದು ನನ್ನ ಮೊಮ್ಮಗಳು ಕುಂಡರ್ತಾಳ” ಎಂದೆ. “ಬರೂವಾಗ ಒಂದು ಸಬಕಾರ ತೊಗೊಂಡ ಬಾ.”